ಮೀಟರ್ ಬಿಡಿ, ಚಾಸಿ ನೋಡಿ

ಹತ್ತು–ಹನ್ನೆರಡು ವರ್ಷ ಹಳೆಯ ಡೀಸೆಲ್ ಸ್ಕಾರ್ಪಿಯೊ, ಬೊಲೆರೊ ಕೊಳ್ಳಲು ಹೊರಟವರು ಮೊದಲು ಕೇಳುವುದು, ‘ಎಷ್ಟು ಕಿಲೋಮೀಟರ್ ಓಡಿದೆ?’ ಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸಬಹುದು. ಎಂಜಿನ್ನಿನ ಸವೆತವನ್ನು, ಚಾಸಿಯ ತುಕ್ಕನ್ನು ಹಾಗೆ ತಿರುಗಿಸಲಾಗದು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ನೀವು ಬರುವ ಮುನ್ನವೇ ಎಂಜಿನ್ ಓಡಿದೆ. ಇನ್ನೊಂದು ದಿನ ಬನ್ನಿ. ಡೀಸೆಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ಹಚ್ಚುವ ವ್ಯವಸ್ಥೆ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16–18 ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ರಿಂಗ್‌ಗಳು ಸವೆದಿದ್ದರೆ ಒತ್ತಡ ಸೋರುತ್ತದೆ, ತಣ್ಣಗಿನ ಲೋಹ ಉಳಿದ ಕಾವನ್ನೂ ಹೀರುತ್ತದೆ. ಅದಕ್ಕೇ ಸವೆದ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗಲು ತಿಣುಕುತ್ತದೆ.

ಸೋರಿದ ಅನಿಲ ಕೆಳಗಿನ ಆಯಿಲ್ ಕೋಣೆಗೆ ನುಗ್ಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ ನೋಡಿ. ಸ್ವಲ್ಪ ಆವಿ ಬಂದರೆ ಚಿಂತೆಯಿಲ್ಲ. ಬುಸುಬುಸು ಹೊಗೆ ಒತ್ತಿ ಬಂದರೆ ರಿಂಗ್ ಕೆಲಸ ಕಾದಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು.

ಇಷ್ಟಾದರೂ ಎಂಜಿನ್ ಬಿಚ್ಚಿ ಸರಿಮಾಡಿಸಬಹುದು. ನನ್ನ ನಿಜವಾದ ಭಯ ಚಾಸಿಯದು. ಈ ಗಾಡಿಗಳಲ್ಲಿ ಎಂಜಿನ್, ಆಕ್ಸಲ್, ಬಾಡಿ ಎಲ್ಲವೂ ಏಣಿಯಾಕಾರದ ಒಂದು ಉಕ್ಕಿನ ಚೌಕಟ್ಟಿನ ಮೇಲೆ ನಿಂತಿವೆ. ಉಕ್ಕು ತುಕ್ಕಾಗಲು ನೀರು, ಆಮ್ಲಜನಕ ಸಾಕು; ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿದು ಆ ಕ್ರಿಯೆ ವೇಗ ಪಡೆಯುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಬೆಳೆದ ಗಾಡಿಗೆ ಈ ಕಾಟ ಹೆಚ್ಚು. ಚೌಕಟ್ಟಿನ ಟೊಳ್ಳುಭಾಗದಲ್ಲಿ ಕೆಸರು ಕೂತರೆ ತೇವ ಆರುವುದೇ ಇಲ್ಲ, ಲೋಹ ಒಳಗಿನಿಂದ ತೆಳುವಾಗುತ್ತ ಹೋಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಪೇಂಟ್ ಉಬ್ಬಿ ಪದರ ಏಳುತ್ತದೆ.

ಗಾಡಿಯನ್ನು ಗ್ಯಾರೇಜಿನ ಲಿಫ್ಟ್ ಮೇಲೇರಿಸಿ, ಹಿಂದಿನ ಚಕ್ರಗಳ ಮೇಲ್ಭಾಗದ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಳೆಯ ಗಾಡಿಯ ಅಡಿಗೆ ಮೊನ್ನೆ ಬಳಿದಂಥ ಕರಿ ಪೇಂಟ್ ಕಂಡರೆ, ಕೆಳಗೇನಿದೆ ಎಂದು ಕೆರೆದು ನೋಡಲು ಮಾಲೀಕರ ಅನುಮತಿ ಕೇಳಿ.

ಕಾಗದಪತ್ರವನ್ನೂ ನೋಡಿ: ಖಾಸಗಿ ಗಾಡಿಯ ಆರ್‌ಸಿ (ನೋಂದಣಿ ಪತ್ರ) ಅವಧಿ 15 ವರ್ಷ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೆ ನವೀಕರಣ. ಆದರೆ ಆರ್‌ಸಿ ಅವಧಿ ಉಳಿದಿದ್ದರೂ, ಚಾಸಿಯಲ್ಲಿ ತೂತು ಕಂಡರೆ ಎಷ್ಟೇ ಅಗ್ಗವಾದರೂ ಆ ಗಾಡಿ ಬೇಡ.