ಅಟ್ಟದ ಮೇಲಣ ಮಳೆಗಾಲ

ಪಂಚಾಂಗವು ಆರು ಋತುಗಳನ್ನು ಹೇಳಿದರೂ ಕರಾವಳಿಯ ಹಳೆಯ ಮನೆಗಳ ಗೃಹಿಣಿಯ ಲೆಕ್ಕಕ್ಕೆ ಬರುತ್ತಿದ್ದುವು ಎರಡೇ: ಮಳೆಗೆ ಸಿದ್ಧವಾಗುವ ಕಾಲ, ಮಳೆಯನ್ನು ಕಳೆಯುವ ಕಾಲ. ಜೂನ್ ಮೊದಲ ವಾರದಲ್ಲಿ ಮುಂಗಾರು ಇಳಿಯಿತೆಂದರೆ, ಹೊಳೆಗಳಿಗೆ ಸೇತುವೆಯಿಲ್ಲದ ಆ ದಿನಗಳಲ್ಲಿ, ದೋಣಿ ನಿಲ್ಲುತ್ತಿದ್ದಿತು, ಸಂತೆ ದೂರವಾಗುತ್ತಿದ್ದಿತು, ಒಣಸೌದೆಯ ಒಂದು ತುಂಡಿಗೂ ಬೆಲೆ ಬರುತ್ತಿದ್ದಿತು. ನಾವಿಂದು ಆಪತ್ತೆಂದು ಕರೆಯುವುದು ಅವರಿಗೆ ವರ್ಷವರ್ಷವೂ ತಪ್ಪದೆ ಬಂದು ಮೂರು ತಿಂಗಳು ನಿಲ್ಲುವ ನೆಂಟನಾಗಿದ್ದಿತು. ಬರುವ ದಿನ ಮೊದಲೇ ತಿಳಿದಿದ್ದುದೊಂದೇ ಸಮಾಧಾನ.

ಆ ಸಿದ್ಧತೆಗೆ ಬೇಕಾದುದು ಹಣವಲ್ಲ, ಹಲಸು. ಬೇಸಗೆಯಲ್ಲಿ ಮರದ ಬುಡದಲ್ಲಿಯೇ ಬಿದ್ದು ಕೊಳೆಯುವಷ್ಟು ಅಗ್ಗವಾದ ಈ ಫಲವನ್ನು ಅಂದಿನ ಮನೆಗಳು ಬಳಸಿಕೊಂಡ ಬಗೆ ಆಶ್ಚರ್ಯಕರವಾದುದು. ಬಲಿತ ಕಾಯಿಯ ಸೊಳೆಗಳನ್ನು ಬಿಡಿಸಿ, ಭರಣಿಯಲ್ಲಿ ಉಪ್ಪಿನೊಡನೆ ಪದರಪದರವಾಗಿ ತುಂಬಿ, ಮೇಲೆ ಕಲ್ಲಿನ ಭಾರವಿಟ್ಟರೆ ಅದು ಉಪ್ಪುಸೊಳೆ. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರೇ ಉಪ್ಪುನೀರಾಗಿ ಸೊಳೆಯನ್ನು ಮುಳುಗಿಸಿ, ಕೊಳೆಸುವ ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ. ಕೊಂಡು ತಂದದ್ದು ಉಪ್ಪೊಂದೇ. ಬೀಜವನ್ನೂ ಬಿಟ್ಟವರಲ್ಲ. ಕೆಮ್ಮಣ್ಣು ಲೇಪಿಸಿ ಮೂಲೆಯಲ್ಲಿ ರಾಶಿ ಹಾಕಿದ ಬೀಜ ಮಳೆಗಾಲದ ಹುಳಿಗೆ, ಪಲ್ಯಕ್ಕೆ ಒದಗುತ್ತಿದ್ದಿತು. ಉಪ್ಪುನೀರಿನಲ್ಲಿ ಬೇಯಿಸಿ ಕಲ್ಲಿನಂತಾಗುವವರೆಗೆ ಒಣಗಿಸಿದರೆ ಸಾಂತಾಣಿ. ಹಲ್ಲು ಗಟ್ಟಿಯಿದ್ದವರ ಸಂಜೆಯ ತಿಂಡಿ.

ಇನ್ನು ಹಪ್ಪಳ. ಒಬ್ಬಳೇ ಗೃಹಿಣಿ ನಾಲ್ಕು ಹಪ್ಪಳ ಮಾಡಬಲ್ಲಳೇ ಹೊರತು ನಾಲ್ಕುನೂರು ಮಾಡಲಾರಳು. ಬೆಳಗ್ಗೆ ಗಂಡಸರು ಕಾಯನ್ನಿಳಿಸಿ ಸೀಳಬೇಕು. ಕೈಗೆ ಎಣ್ಣೆ ಸವರಿಕೊಂಡು ಮೇಣದೊಡನೆ ಹೋರಾಡಬೇಕು. ಸೊಳೆ ಬಿಡಿಸುವುದಕ್ಕೆ ಮುದುಕರು. ಹಬೆಯಲ್ಲಿ ಬೇಯಿಸುವುದಕ್ಕೆ ಮನೆಯೊಡತಿ. ಬೆಂದುದನ್ನು ಬಿಸಿಯಾರುವ ಮುನ್ನ ಒನಕೆಯಿಂದ ಕುಟ್ಟುವುದಕ್ಕೆ ರಟ್ಟೆ ಬಲವಿರುವವರು. ಉಂಡೆಯನ್ನು ಮಣೆಗಳ ನಡುವೆ ಒತ್ತುವುದಕ್ಕೆ ಶಾಲೆಗೆ ರಜೆಯಿರುವ ಹುಡುಗರು. ತೀರ ಚಿಕ್ಕವರಿಗೆ ಒಂದು ಕೋಲು ಕೊಟ್ಟು ಚಾಪೆಯ ಪಕ್ಕದಲ್ಲಿ ಕಾಗೆ ಕಾಯಲು ಕೂರಿಸುತ್ತಿದ್ದರು. ಕಾಗೆಗಿಂತ ಹೆಚ್ಚು ಹಸಿಹಪ್ಪಳ ತಿಂದವರು ಈ ಕಾವಲುಗಾರರೇ ಎಂಬುದನ್ನು ಬಲ್ಲ ಹಿರಿಯರು ಎಣಿಸುವಾಗಲೇ ಅದಕ್ಕೊಂದಿಷ್ಟು ಬಿಟ್ಟಿರುತ್ತಿದ್ದರು. ಇಂದು ಪಾಕಶಾಸ್ತ್ರದ ಪುಸ್ತಕಗಳಲ್ಲಿ ಹಪ್ಪಳದ ಅಳತೆ ಸಿಗುತ್ತದೆ. ಮನೆಯಲ್ಲಿ ಕಡಮೆಯಾದುದು ತಿಳಿವಳಿಕೆಯಲ್ಲ, ಕೈಗಳು.

ಅಕ್ಕಿಯ ಮಾತು ಬೇರೆ. ಕುಚ್ಚಿಲಕ್ಕಿಯನ್ನು ಬೈಹುಲ್ಲಿನ ಮೇಲೆ ಸುರಿದು, ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು, ಮತ್ತೆ ಬಿಗಿದು ಕಟ್ಟಿದರೆ ಒಂದು ಮುಡಿ, 42 ಸೇರು. ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಅದಕ್ಕೆ ಹುಳು ಹತ್ತುವುದು ಅಪರೂಪ. ಆದರೆ ಮುಡಿಯು ಕೇವಲ ಸಂಗ್ರಹದ ಉಪಾಯವಾಗಿರಲಿಲ್ಲ. ಗೇಣಿಯ ಅಳತೆಯೂ ಅದೇ ಆಗಿದ್ದಿತು. ಒಕ್ಕಲು ತಾನೇ ಬೆಳೆದು, ತಾನೇ ಕಟ್ಟಿ, ಧಣಿಯ ಮನೆಗೆ ಹೊತ್ತೊಯ್ದ ಮೇಲೆ ತನ್ನ ಅಟ್ಟದಲ್ಲಿ ಉಳಿದುದೆಷ್ಟೋ ಅಷ್ಟೇ ಅವನ ಮಳೆಗಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಬಡವರ ಮನೆಗಳು ಚಗಟೆಸೊಪ್ಪಿಗೆ, ಕೆಸುವಿನೆಲೆಗೆ, ದಿನದಿನವೂ ನೀರು ಬದಲಿಸಿ ನೆನೆಸಿದ ಕಣಿಲೆಗೆ ಇಳಿಯುತ್ತಿದ್ದುದು ರುಚಿಗಾಗಿ ಅಲ್ಲ. ಈಗ ನಗರದ ಸಭಾಭವನಗಳಲ್ಲಿ ಆಟಿಯ ಕೂಟ ನಡೆಸಿ ಅವೇ ತಿನಿಸುಗಳನ್ನು ಬಾಳೆಲೆಯ ಮೇಲೆ ಬಡಿಸುತ್ತಾರೆ. ತಪ್ಪೇನೂ ಇಲ್ಲ, ಪತ್ರೊಡೆ ನನಗೂ ಪ್ರಿಯವೇ. ಆದರೆ ಆ ಎಲೆಯ ಹಿಂದಿನ ಹಸಿವನ್ನು ಮರೆತು ಹಿರಿಯರ ಮಿತವ್ಯಯವನ್ನು ಮಾತ್ರ ಹೊಗಳುವುದು ಅರ್ಧಸತ್ಯ. ಒಕ್ಕಲುಗಳು ತಾವು ಉಳುತ್ತಿದ್ದ ಭೂಮಿಯ ಹಕ್ಕು ಪಡೆಯಲು ದಾರಿಮಾಡಿಕೊಟ್ಟ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಕರಾವಳಿಯ ಎಷ್ಟೋ ಅಟ್ಟಗಳನ್ನು ತುಂಬಿಸಿತು. ಯಾವ ಗೃಹಿಣಿಯ ಜಾಣ್ಮೆಯೂ ಒಂಟಿಯಾಗಿ ಅಷ್ಟನ್ನು ಸಾಧಿಸುತ್ತಿರಲಿಲ್ಲ.

ತುಂಬಿದ ಮನೆಗಳಲ್ಲಿಯೂ ದುಡಿಮೆ ಸಮನಾಗಿ ಹಂಚಿಹೋಗುತ್ತಿದ್ದಿತೆಂದು ಭಾವಿಸಬಾರದು. ಹಪ್ಪಳದ ದಿನದ ನಗು, ಹರಟೆ ಎಲ್ಲರ ನೆನಪಿನಲ್ಲಿಯೂ ಉಳಿಯುತ್ತದೆ. ಭರಣಿ ತೊಳೆದು ಬಿಸಿಲಿಗಿಟ್ಟವರು, ಉಪ್ಪಿನಕಾಯಿಗೆ ನೀರಿನ ಕೈ ತಾಗದಂತೆ ತಿಂಗಳುಗಟ್ಟಲೆ ಕಾದವರು, ಸೋರುವ ಮಾಡಿನಡಿಯಿಂದ ನಡುರಾತ್ರಿ ಸೌದೆ ಸರಿಸಿದವರು ಯಾರ ನೆನಪಿನಲ್ಲಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ಅವರು ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಹೆಂಗಸರು. ಅವರ ದುಡಿಮೆಗೆ ಸಂಬಳವಿರಲಿಲ್ಲ. ಭರಣಿಯ ಮೇಲೆ ಹಕ್ಕೂ ಇರಲಿಲ್ಲ. ಕುಟುಂಬದ ಸಹಕಾರವೆಂದು ಬರೆಯುವಾಗ ನನ್ನ ಲೇಖನಿ ಇಲ್ಲಿ ಕೊಂಚ ತಡೆಯುತ್ತದೆ.

ಈಗ ಸೇತುವೆಗಳಾಗಿವೆ, ಶೀತಕಪೆಟ್ಟಿಗೆಗಳು ಬಂದಿವೆ. ಆದರೂ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ದಾರಿಗಳು ಕಡಿದುಹೋದುವು. ಮನೆಯೇ ಜಾರಿದಲ್ಲಿ ಅಟ್ಟದ ಅಕ್ಕಿಯೂ ಜಾರುತ್ತದೆ. ಅಂಥಲ್ಲಿ ಮುನ್ಸೂಚನೆ ಕೇಳಿ ಹೊತ್ತಿಗೆ ಮುಂಚೆ ಹೊರಡುವುದೇ ಸಿದ್ಧತೆ. ದಾರಿ ಮಾತ್ರ ಕಡಿದು ವಿದ್ಯುತ್ತು ನಿಂತ ಮನೆಗಾದರೋ ಶೀತಕಪೆಟ್ಟಿಗೆ ಬರಿಯ ಕಪಾಟು. ಭರಣಿಗೆ ವಿದ್ಯುತ್ತು ಬೇಡ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಪೇಟೆಯವರು ಅಂಗಡಿಗೆ ಧಾವಿಸಿದುದನ್ನು ಕಂಡಿದ್ದೇವೆ. ಕೈಯಲ್ಲಿ ಹಣವಿದ್ದವರು ಮೊದಲು ಕೊಂಡರು. ದಿನಗೂಲಿಯವರಿಗೆ ಉಳಿದುದು ಕಡಮೆ. ಸುಗ್ಗಿಯಲ್ಲಿ ಕೂಡಿಡುವುದಕ್ಕೂ ಸಂಕಟದಲ್ಲಿ ಕೊಂಡಿಡುವುದಕ್ಕೂ ಇರುವ ಅಂತರ ಇದು: ಮೊದಲನೆಯದರಿಂದ ನೆರೆಯವನ ಪಾಲು ಕರಗುವುದಿಲ್ಲ.

ನಾಲ್ಕು ಜನರ ಇಂದಿನ ಸಂಸಾರ ನಾಲ್ಕುನೂರು ಹಪ್ಪಳಕ್ಕೆ ಕೈಹಾಕಬೇಕಾಗಿಲ್ಲ. ಒಂದೇ ತಾರಸಿಯ ಕೆಳಗಿರುವ ಮೂರು ಮನೆಗಳು ಒಂದು ಭಾನುವಾರ ಸೇರಿದರೆ ನೂರಾಗುತ್ತದೆ. ಕುಟ್ಟುವುದನ್ನು ಯಂತ್ರ ಮಾಡುತ್ತದೆ. ಕಾಗೆ ಕಾಯಲು ಮಕ್ಕಳು ಎಲ್ಲ ಕಾಲದಲ್ಲಿಯೂ ಸಿದ್ಧರು. ಉಪ್ಪುಸೊಳೆಗೆ ಒಂದು ಚಿಕ್ಕ ಭರಣಿ ಸಾಕು. ಬಳಸುವ ಹಿಂದಿನ ರಾತ್ರಿಯೇ ಸೊಳೆಯನ್ನು ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸಬೇಕು. ಮಲಗುವ ಮುನ್ನ ಇದನ್ನು ನೆನಪಿಟ್ಟು ಮಾಡುವ ಕೆಲಸ ಮನೆಯ ಗಂಡಸರ ಶಕ್ತಿಗೆ ಮೀರಿದುದೇನೂ ಅಲ್ಲ.