ಏಳಲೊಲ್ಲದ ಗಣಕಯಂತ್ರ

ನಿದ್ರಿಸುತ್ತಿರುವವನನ್ನು ಎಬ್ಬಿಸಬಹುದು, ನಿದ್ರೆಯನ್ನು ನಟಿಸುತ್ತಿರುವವನನ್ನು ಎಬ್ಬಿಸಲಾಗದು ಎಂಬ ಮಾತು ಲೋಕರೂಢಿಯಲ್ಲಿದೆ. ಗಣಕಯಂತ್ರಕ್ಕೆ ನಟನೆ ತಿಳಿಯದು. ಗುಂಡಿಯನ್ನು ಒತ್ತಿದರೂ ಅದು ಏಳಲಿಲ್ಲವೆಂದರೆ, ಏಳುವ ದಾರಿಯಲ್ಲಿ ಯಾವುದೋ ಒಂದು ಮೆಟ್ಟಿಲು ಮುರಿದಿದೆಯೆಂದೇ ಅರ್ಥ. ಆ ಮೆಟ್ಟಿಲು ಯಾವುದೆಂಬುದನ್ನು ಕಂಡುಹಿಡಿಯುವುದು ಮಂತ್ರವಿದ್ಯೆಯೇನೂ ಅಲ್ಲ. ಕ್ರಮವರಿತು ನೋಡುವ ತಾಳ್ಮೆಯೊಂದಿದ್ದರೆ ಸಾಕು.

ಪರೀಕ್ಷೆಗೆ ಇನ್ನೊಂದೇ ವಾರವಿರುವಾಗ ವಿದ್ಯಾರ್ಥಿಯೊಬ್ಬನು ಇನ್ನೂ ಬಿಡುಗಡೆಯಾಗದ ಹೊಸ ಆಪರೇಟಿಂಗ್ ಸಿಸ್ಟಂ ಒಂದರ ಪರೀಕ್ಷಾರ್ಥ ಆವೃತ್ತಿಯನ್ನು ಕುತೂಹಲದಿಂದ ತನ್ನ ಗಣಕಯಂತ್ರಕ್ಕೆ ಅಳವಡಿಸಿದನೆಂದು ಭಾವಿಸೋಣ. ತಂತ್ರಾಂಶವನ್ನು ಅಳವಡಿಸುವ ಕಾರ್ಯ ಮುಗಿಯಿತು. ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು. ತಯಾರಕರ ಲಾಂಛನ ಮಿಂಚಿ ಮರೆಯಾಯಿತು. ಬಳಿಕ ಕಪ್ಪು ಪರದೆ. ಎಷ್ಟು ಕಾದರೂ ಅಷ್ಟೇ. ಒಂದು ವರ್ಷದ ಟಿಪ್ಪಣಿಗಳು, ತಂದೆಯ ಅಂಗಡಿಯ ಲೆಕ್ಕ, ಈಗ ಇಲ್ಲದ ಅಜ್ಜಿಯ ಛಾಯಾಚಿತ್ರಗಳು ಎಲ್ಲವೂ ಆ ಕಪ್ಪು ಪರದೆಯ ಹಿಂದೆ ಉಳಿದವು. ಯಂತ್ರವನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು, ಆದರೆ ಛಾಯಾಚಿತ್ರಗಳು ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಆದುದರಿಂದ ಇಲ್ಲಿ ಉಳಿಸಿಕೊಳ್ಳಬೇಕಾದುದು ಯಂತ್ರಕ್ಕಿಂತ ಮುಖ್ಯವಾಗಿ ಅದರೊಳಗಿನ ಸಂಗ್ರಹ.

ಗಣಕಯಂತ್ರ ಏಳುವ ಕ್ರಿಯೆಗೆ ಇಂಗ್ಲಿಷಿನಲ್ಲಿ 'ಬೂಟ್' ಆಗುವುದೆಂದು ಹೆಸರು. ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸವನ್ನು ಹೇಳುವ 'ಬೂಟ್‌ಸ್ಟ್ರ್ಯಾಪ್' ಎಂಬ ನುಡಿಗಟ್ಟಿನಿಂದ ಈ ಪದ ಹುಟ್ಟಿತು. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಶಾಸ್ತ್ರಕಾರರೂ ಹೇಳಿದ್ದಾರೆ. ಗಣಕಯಂತ್ರದ ತೊಡಕು ಇಂತಹುದೇ. ಯಾವ ಕೆಲಸ ಮಾಡಬೇಕಾದರೂ ಅದಕ್ಕೆ ತಂತ್ರಾಂಶ ಬೇಕು. ತಂತ್ರಾಂಶವನ್ನು ಸಂಗ್ರಹದಿಂದ ಸ್ಮೃತಿಗೆ ತರುವುದೂ ಒಂದು ಕೆಲಸವೇ. ಹಾಗಾದರೆ ಆ ಮೊದಲ ತಂತ್ರಾಂಶವನ್ನು ತರುವವರು ಯಾರು?

ಹಿಂದೆ ಆ ಕೆಲಸವನ್ನು ಮನುಷ್ಯನ ಬೆರಳುಗಳೇ ಮಾಡುತ್ತಿದ್ದವು. 1975ರಲ್ಲಿ ಪ್ರಸಿದ್ಧಿಗೆ ಬಂದ 'ಆಲ್ಟೇರ್ 8800' ಎಂಬ ಪುಟ್ಟ ಗಣಕಯಂತ್ರದ ಮುಖಫಲಕದಲ್ಲಿ ಸಾಲಾಗಿ ಸ್ವಿಚ್ಚುಗಳಿದ್ದವು. ಅವುಗಳನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ ಮೊದಲ ಆದೇಶಗಳನ್ನು ಒಂದೊಂದಾಗಿ ಉಣಿಸಬೇಕಾಗಿತ್ತು. ಈ ಯಂತ್ರಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ತರುಣರು 'ಬೇಸಿಕ್' ಭಾಷೆಯ ತಂತ್ರಾಂಶವೊಂದನ್ನು ಸಿದ್ಧಪಡಿಸಿದರು. ಆದರೆ ಅವರ ಬಳಿ ಆಲ್ಟೇರ್ ಯಂತ್ರವೇ ಇರಲಿಲ್ಲ! ಹಾರ್ವರ್ಡ್ ವಿಶ್ವವಿದ್ಯಾಲಯದ ದೊಡ್ಡ ಗಣಕಯಂತ್ರವೊಂದರಲ್ಲಿ ಆಲ್ಟೇರಿನ ನಡೆಯನ್ನು ಅನುಕರಿಸಿ, ಅದರ ಮೇಲೆಯೇ ಪರೀಕ್ಷಿಸಿದ್ದರು. ತಂತ್ರಾಂಶವನ್ನು ತೋರಿಸಲು ಆಲೆನ್ ವಿಮಾನದಲ್ಲಿ ಆಲ್ಬುಕರ್ಕಿಗೆ ಹೊರಟಾಗ, ಕಾಗದದ ಪಟ್ಟಿಯಲ್ಲಿರುವ ಬೇಸಿಕ್ಕನ್ನು ಯಂತ್ರದ ಸ್ಮೃತಿಗೆ ಸೇರಿಸುವ ಪುಟ್ಟ 'ಲೋಡರ್' ಅನ್ನು ಬರೆಯುವುದನ್ನೇ ಮರೆತಿರುವುದು ನೆನಪಾಯಿತು. ಪ್ರಯಾಣದ ನಡುವೆಯೇ ಕಾಗದದ ಮೇಲೆ ಅದನ್ನು ಬರೆದು, ಅಲ್ಲಿ ಸ್ವಿಚ್ಚುಗಳ ಮೂಲಕ ಯಂತ್ರಕ್ಕೆ ಉಣಿಸಿದರು. ತಂತ್ರಾಂಶ ಮೊದಲ ಯತ್ನದಲ್ಲೇ ನಡೆಯಿತು. ನಿಜವಾದ ಯಂತ್ರವನ್ನು ಎಂದೂ ಕಾಣದ ತಂತ್ರಾಂಶಕ್ಕೆ ಇಂತಹ ಭಾಗ್ಯ ಅಪರೂಪ.

ಇಂದಿನ ಯಂತ್ರಗಳಲ್ಲಿ ಆ ಬೆರಳುಗಳ ಸ್ಥಾನವನ್ನು ಮುಖ್ಯಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ನೆಲೆಸಿರುವ ತಂತ್ರಾಂಶ ವಹಿಸಿಕೊಂಡಿದೆ. ವಿದ್ಯುತ್ತು ಹರಿದೊಡನೆ ಎಚ್ಚರಗೊಳ್ಳುವುದು ಅದೇ. ಅದು ಮೊದಲು ಸ್ಮೃತಿ, ಕೀಲಿಮಣೆ, ಪರದೆ ಮೊದಲಾದ ಅಂಗಗಳು ಸ್ವಸ್ಥವಾಗಿವೆಯೇ ಎಂದು ಪರೀಕ್ಷಿಸುತ್ತದೆ. ಬಳಿಕ ಡಿಸ್ಕಿನತ್ತ ತಿರುಗುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ತುಣುಕನ್ನು ಅದು ಓದುತ್ತಿತ್ತು. ಅದರಲ್ಲಿಯೂ ಆದೇಶಗಳಿಗೆಂದು ಮೀಸಲಾದುದು 446 ಬೈಟುಗಳು ಮಾತ್ರ. ಈ ಪಾಠದ ಒಂದೆರಡು ವಾಕ್ಯಗಳಿಗೂ ಅಷ್ಟು ಸ್ಥಳ ಸಾಲದು. 'ಯುಇಎಫ್‌ಐ' ಎಂಬ ಹೊಸ ಪದ್ಧತಿಯಲ್ಲಿ ಡಿಸ್ಕಿನ ಒಂದು ಪ್ರತ್ಯೇಕ ವಿಭಾಗದಲ್ಲಿ ಕಡತದ ರೂಪದಲ್ಲಿಯೇ ಲೋಡರ್ ಇರುತ್ತದೆ. ಈ ಲೋಡರ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ಅಂದರೆ 'ಕರ್ನಲ್' ಎಂಬ ಭಾಗವನ್ನು, ಸ್ಮೃತಿಗೆ ತರುತ್ತದೆ. ತಿರುಳು ಯಂತ್ರದ ಒಂದೊಂದು ಅಂಗವನ್ನೂ ನಡೆಸಬಲ್ಲ 'ಡ್ರೈವರ್'ಗಳನ್ನು ಕರೆದುಕೊಳ್ಳುತ್ತದೆ. ಕೊನೆಯಲ್ಲಿ, ಹೆಸರನ್ನೂ ಗುಪ್ತಪದವನ್ನೂ ಕೇಳುವ ಪರದೆ ಕಾಣಿಸಿಕೊಳ್ಳುತ್ತದೆ. ಓಟದ ಪಂದ್ಯದಲ್ಲಿ ಕೋಲನ್ನು ಕೈಯಿಂದ ಕೈಗೆ ದಾಟಿಸುವಂತೆ ಈ ಅಧಿಕಾರ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಎಲ್ಲಿ ಕೋಲು ಕೈಜಾರುವುದೋ ಅಲ್ಲಿಗೆ ಓಟ ನಿಂತಂತೆ.

ಹೊಸ ತಂತ್ರಾಂಶವು ಸಾರ್ವಜನಿಕರ ಕೈಸೇರುವ ಮುನ್ನ ಹಲವು ಹಂತಗಳನ್ನು ದಾಟುತ್ತದೆ. ನಿರ್ಮಾಪಕರ ಮನೆಯೊಳಗಿನ ಪರೀಕ್ಷೆಗೆ 'ಆಲ್ಫಾ' ಎಂದೂ, ಹೊರಗಿನ ಆಸಕ್ತರಿಗೆ ಕೊಟ್ಟು ನೋಡುವ ಪರೀಕ್ಷೆಗೆ 'ಬೀಟಾ' ಎಂದೂ ಹೆಸರು. ಬೀಟಾ ಆವೃತ್ತಿಯನ್ನು ಪಡೆದವನು ಗ್ರಾಹಕನಲ್ಲ, ಪರೀಕ್ಷಕ. ಇದನ್ನು ಮರೆತವರೇ ಹೆಚ್ಚು. 1998ರ ಏಪ್ರಿಲ್ 20ರಂದು ಶಿಕಾಗೋ ನಗರದ ಪ್ರದರ್ಶನವೊಂದರಲ್ಲಿ, ಇನ್ನೂ ಬಿಡುಗಡೆಯಾಗದಿದ್ದ 'ವಿಂಡೋಸ್ 98' ಅನ್ನು ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲಿಯೇ ಸಭಿಕರಿಗೆ ತೋರಿಸಲಾಗುತ್ತಿತ್ತು. ಸಹಾಯಕರು ಸ್ಕ್ಯಾನರ್ ಒಂದನ್ನು ಜೋಡಿಸಿದರು; ಒಡನೆಯೇ ಯಂತ್ರ ಕುಸಿದು, ದೊಡ್ಡ ಪರದೆಯ ತುಂಬ ನೀಲಿ ಬಣ್ಣದ ದೋಷಸೂಚನೆ ಹರಡಿತು. ಸಭೆ ನಕ್ಕಿತು. ಇದನ್ನು ಇನ್ನೂ ಮಾರಾಟಕ್ಕೆ ಬಿಡದಿರುವುದಕ್ಕೆ ಇದೇ ಕಾರಣವಿರಬೇಕೆಂದು ಗೇಟ್ಸ್ ಅವರೂ ವಿನೋದವಾಗಿ ಒಪ್ಪಿಕೊಂಡರು. ನಿರ್ಮಾಪಕರ ಕಣ್ಣೆದುರಿಗೇ ಹೀಗಾಗುವುದಾದರೆ ದೂರದ ಮನೆಯೊಂದರ ಹಳೆಯ ಯಂತ್ರದಲ್ಲಿ ಏನಾಗದು? ಜಗತ್ತಿನಲ್ಲಿರುವ ಯಂತ್ರಗಳ ಅಂಗಾಂಗಗಳ ಜೋಡಣೆಗೆ ಲೆಕ್ಕವಿಲ್ಲ. ಅವೆಲ್ಲವನ್ನೂ ಯಾವ ನಿರ್ಮಾಪಕನೂ ತನ್ನ ಪ್ರಯೋಗಾಲಯದಲ್ಲಿ ಇರಿಸಿಕೊಂಡು ಪರೀಕ್ಷಿಸಲಾರ.

ಸಾಮಾನ್ಯ ತಂತ್ರಾಂಶ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಡ್ರೈವರ್ ಹಾಗಲ್ಲ, ಅದು ತಿರುಳಿನ ಮಗ್ಗುಲಲ್ಲಿಯೇ ಕುಳಿತು ಕೆಲಸಮಾಡುವುದರಿಂದ ತಾನು ಮುಗ್ಗರಿಸಿದರೆ ಇಡೀ ಯಂತ್ರವನ್ನೇ ಉರುಳಿಸುತ್ತದೆ. ಯಂತ್ರ ಮತ್ತೆ ಏಳಲು ಯತ್ನಿಸಿದಾಗ ಅದೇ ಡ್ರೈವರ್ ಮತ್ತೆ ಕರೆಯಲ್ಪಡುತ್ತದೆ, ಮತ್ತೆ ಮುಗ್ಗರಿಸುತ್ತದೆ. 2024ರ ಜುಲೈ 19ರಂದು ಜಗತ್ತು ಇದನ್ನು ಕಂಡಿತು. 'ಕ್ರೌಡ್‌ಸ್ಟ್ರೈಕ್' ಎಂಬ ಸಂಸ್ಥೆ ತನ್ನ ರಕ್ಷಣಾ ತಂತ್ರಾಂಶಕ್ಕೆಂದು ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಸಣ್ಣ ಕಡತವನ್ನು ಕಳುಹಿಸಿತು. ತಂತ್ರಾಂಶದ ಒಂದು ಭಾಗ 21 ವಿವರಗಳನ್ನು ನಿರೀಕ್ಷಿಸುತ್ತಿತ್ತು. ಒದಗಿದ್ದವು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ ತಿರುಳು ಕುಸಿಯಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯನ್ನು ತೋರುತ್ತ ನಿಂತವು. ಬೆಂಗಳೂರೂ ಸೇರಿದಂತೆ ಭಾರತದ ಅನೇಕ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದರು. ಕೆಲವೆಡೆ ಸಿಬ್ಬಂದಿ ಪ್ರವೇಶಪತ್ರಗಳನ್ನು ಕೈಯಿಂದ ಬರೆದುಕೊಟ್ಟರು. ಅನೇಕ ದೇಶಗಳ ಆಸ್ಪತ್ರೆಗಳಲ್ಲಿಯೂ ಕೆಲಸ ಸ್ಥಗಿತಗೊಂಡಿತು. ದೋಷಯುಕ್ತ ಕಡತವನ್ನು ಸಂಸ್ಥೆ 78 ನಿಮಿಷಗಳಲ್ಲಿ ಹಿಂತೆಗೆದುಕೊಂಡಿತಾದರೂ ಅದಾಗಲೇ ಮಲಗಿದ್ದ ಯಂತ್ರಗಳಿಗೆ ಆ ತಿದ್ದುಪಡಿಯನ್ನು ಸ್ವೀಕರಿಸುವಷ್ಟು ಎಚ್ಚರವೇ ಇರಲಿಲ್ಲ. ಹೆಚ್ಚಿನವುಗಳ ಬಳಿಗೆ ಮನುಷ್ಯರೇ ಹೋಗಿ, ಒಂದೊಂದನ್ನೂ ಮಿತಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಹೆಸರಿಗೆ ಅದು ಬೀಟಾ ಅಲ್ಲ, ಸಿದ್ಧ ತಂತ್ರಾಂಶವೇ. ಆದರೆ ಮೊದಲು ಕೆಲವೇ ಯಂತ್ರಗಳಿಗೆ ಕೊಟ್ಟು ನೋಡದೆ ಎಲ್ಲರಿಗೂ ಒಮ್ಮೆಗೇ ಹಂಚಿದಾಗ ಎಲ್ಲರೂ ತಿಳಿಯದೆಯೇ ಪರೀಕ್ಷಕರಾದಂತಾಯಿತು.

ಇನ್ನು ನಮ್ಮ ವಿದ್ಯಾರ್ಥಿಯ ಕಪ್ಪು ಪರದೆಗೆ ಮರಳಬಹುದು. ಅವನು ಮಾಡಬೇಕಾದ ಮೊದಲ ಕೆಲಸ ನೋಡುವುದು. ಯಂತ್ರ ಎಲ್ಲಿಯವರೆಗೆ ಬಂದು ನಿಲ್ಲುತ್ತಿದೆ? ದೀಪವೂ ಇಲ್ಲ, ಒಳಗಿನ ಬೀಸಣಿಗೆಯ ಸದ್ದೂ ಇಲ್ಲವೆಂದರೆ ದೋಷ ವಿದ್ಯುತ್ತಿನದು; ತಂತ್ರಾಂಶವನ್ನು ದೂರುವುದು ತರವಲ್ಲ. ಲಾಂಛನ ಮೂಡುವುದಾದರೆ ಚಿಪ್ಪಿನೊಳಗಿನ ತಂತ್ರಾಂಶ ಬದುಕಿದೆಯೆಂದು ತಿಳಿಯಬೇಕು. ಬೂಟ್ ಆಗಬಲ್ಲ ಡಿಸ್ಕೇ ಇಲ್ಲವೆಂಬ ಸೂಚನೆ ಬಂದರೆ ಲೋಡರ್ ಅಳಿದಿರಬೇಕು, ಇಲ್ಲವೆ ಡಿಸ್ಕ್ ಕೆಟ್ಟಿರಬೇಕು. ಸುತ್ತುವ ಚುಕ್ಕೆಗಳು ಕಾಣಿಸಿ ಬಳಿಕ ಎಲ್ಲವೂ ಸ್ತಬ್ಧವಾದರೆ ತಿರುಳು ಎದ್ದಿದೆ, ಯಾವುದೋ ಡ್ರೈವರ್ ಎಡವಿದೆ ಎಂದು ಊಹಿಸಬಹುದು. ನೀಲಿ ಪರದೆಯಲ್ಲಿ ಮೂಡುವ ಸಂಕೇತವನ್ನು ಅಲಕ್ಷ್ಯ ಮಾಡದೆ ಬರೆದಿಟ್ಟುಕೊಳ್ಳಬೇಕು. ರೋಗಿ ತಾನೇ ಬಾಯಿಬಿಟ್ಟು ಹೇಳುವ ಲಕ್ಷಣ ಅದು. ಮುದ್ರಕ, ಪೆನ್‌ಡ್ರೈವ್ ಮೊದಲಾದ ಹೊರಗಿನ ಸಾಧನಗಳನ್ನೆಲ್ಲ ಕಳಚಿ ಮತ್ತೊಮ್ಮೆ ಯತ್ನಿಸುವುದು ಸುಲಭವೂ ಹೌದು, ಎಷ್ಟೋ ವೇಳೆ ಫಲಕಾರಿಯೂ ಹೌದು.

ಈ ಹಂತದಲ್ಲಿ ಬಹುಮಂದಿ ಧೃತಿಗೆಟ್ಟು ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಎಲ್ಲವನ್ನೂ ಹೊಸದಾಗಿ ಅಳವಡಿಸತೊಡಗುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಹ ಚಿಕಿತ್ಸೆ ಇದು. ಯಂತ್ರ ಏಳುತ್ತಿಲ್ಲವೆಂದ ಮಾತ್ರಕ್ಕೆ ಸಂಗ್ರಹ ನಾಶವಾಗಿದೆಯೆಂದಲ್ಲ. ಬಾಗಿಲ ಬೀಗ ಕೆಟ್ಟಿರಬಹುದು, ಮನೆಯೊಳಗಿನ ಸಾಮಾನು ಇದ್ದಲ್ಲಿಯೇ ಇರುತ್ತದೆ. ಬೇರೊಂದು ಯಂತ್ರದ ನೆರವಿನಿಂದ ಪೆನ್‌ಡ್ರೈವಿನಲ್ಲಿ 'ಲಿನಕ್ಸ್' ವ್ಯವಸ್ಥೆಯೊಂದನ್ನು ಸಿದ್ಧಪಡಿಸಿಕೊಂಡು, ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಒಳಗಿನ ಡಿಸ್ಕನ್ನು ತೆರೆದು, ಬೇಕಾದ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲಿಸಿಕೊಳ್ಳಬಹುದು. ಡಿಸ್ಕಿಗೆ 'ಬಿಟ್‌ಲಾಕರ್' ಗೂಢಲಿಪಿಯ ರಕ್ಷಣೆಯಿದ್ದರೆ ಮಾತ್ರ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಆ ಕೀಲಿ ಎಲ್ಲಿದೆಯೆಂಬುದನ್ನು ಯಂತ್ರ ಚೆನ್ನಾಗಿರುವಾಗಲೇ ತಿಳಿದಿಟ್ಟುಕೊಂಡವನು ಭಾಗ್ಯಶಾಲಿ.

ಸಂಗ್ರಹ ಕೈಸೇರಿದ ಬಳಿಕ ಚಿಕಿತ್ಸೆಗೆ ಅವಸರವಿಲ್ಲ. ವಿಂಡೋಸ್ ವ್ಯವಸ್ಥೆ ಸತತವಾಗಿ ಕೆಲವು ಬಾರಿ ಏಳಲಾರದೆ ಹೋದಾಗ ತಾನಾಗಿಯೇ ದುರಸ್ತಿಯ ಪರದೆಯನ್ನು ತೆರೆಯುತ್ತದೆ. ಇತ್ತೀಚೆಗೆ ಸೇರಿಸಿದ ಪರಿಷ್ಕರಣವನ್ನು ಕಿತ್ತುಹಾಕುವ ಅವಕಾಶ ಅಲ್ಲಿ ಉಂಟು. ಆವೃತ್ತಿಯನ್ನೇ ಬದಲಿಸಿದ್ದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಗಡುವು ಇರುತ್ತದೆ. ಅದು ಮೀರಿದರೆ ಹಳೆಯ ಕಡತಗಳನ್ನು ವ್ಯವಸ್ಥೆಯೇ ಅಳಿಸಿಬಿಡುತ್ತದೆ. ಲಿನಕ್ಸ್ ಬಳಸುವವರ ಪಾಡು ಇದಕ್ಕಿಂತ ಸುಗಮ. ಹೊಸ ತಿರುಳು ಬಂದಾಗ ಹಳೆಯದನ್ನೂ ಉಳಿಸಿಕೊಳ್ಳುವುದು ಅದರ ಹಲವು ಪ್ರಭೇದಗಳ ವಾಡಿಕೆಯಾದ್ದರಿಂದ, ಆರಂಭದ ಪಟ್ಟಿಯಲ್ಲಿ ಹಳೆಯದನ್ನು ಆಯ್ದರೆ ಸಾಕು. ಇವೆಲ್ಲಕ್ಕಿಂತ ಮುಖ್ಯವಾದ ಉಪಾಯ ಮಿತಸ್ಥಿತಿಯಲ್ಲಿ ಎಬ್ಬಿಸುವುದು. ವಿಂಡೋಸ್ ಇದನ್ನು 'ಸೇಫ್ ಮೋಡ್' ಎಂದು ಕರೆಯುತ್ತದೆ. ಅನಿವಾರ್ಯವಾದ ಡ್ರೈವರುಗಳನ್ನು ಮಾತ್ರ ಕರೆದು, ಉಳಿದವನ್ನೆಲ್ಲ ಹೊರಗಿಟ್ಟು, ಯಂತ್ರವನ್ನು ಅರೆ ಎಚ್ಚರಕ್ಕೆ ತರುವ ಕ್ರಮ ಇದು. ಹೀಗೆ ಎದ್ದಿತೆಂದರೆ, ಹೊರಗಿಟ್ಟವುಗಳ ನಡುವೆಯೇ ಅಪರಾಧಿ ಇದ್ದಾನೆಂದಾಯಿತು.

ಈ ಉಪಾಯ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದುದು ಭೂಮಿಯ ಮೇಲಲ್ಲ. 2004ರ ಜನವರಿಯಲ್ಲಿ ಅಮೆರಿಕದ ನಾಸಾ ಸಂಸ್ಥೆಯ 'ಸ್ಪಿರಿಟ್' ಎಂಬ ಸಂಚಾರಿ ಯಂತ್ರ ಮಂಗಳಗ್ರಹದ ಗುಸೇವ್ ಕುಳಿಯಲ್ಲಿ ಇಳಿಯಿತು. ಜನವರಿ 21ರಂದು ಅದರ ಮಾತು ತೊದಲಿತು, ಬಳಿಕ ಹೆಚ್ಚುಕಡಿಮೆ ನಿಂತೇಹೋಯಿತು. ಅದರ ಗಣಕಯಂತ್ರ ಎದ್ದು, ಕುಸಿದು, ಮತ್ತೆ ಏಳುತ್ತಿತ್ತು. ಮೂರು ದಿನಗಳಲ್ಲಿ 60ಕ್ಕೂ ಹೆಚ್ಚು ಬಾರಿ ಹೀಗಾಯಿತು. ರಾತ್ರಿ ಮಲಗಬೇಕಾದ ಯಂತ್ರ ಮಲಗದೆ ಬ್ಯಾಟರಿಯನ್ನು ಬರಿದುಮಾಡಿಕೊಳ್ಳುತ್ತಿತ್ತು. ಹತ್ತಿರ ಹೋಗಿ ಗುಂಡಿ ಒತ್ತುವವರು ಯಾರು? ನಡುವೆ 15 ಕೋಟಿ ಕಿಲೋಮೀಟರಿಗೂ ಮೀರಿದ ಅಂತರ. ಕಡತಗಳನ್ನು ಕೂಡಿಡುವ ಫ್ಲ್ಯಾಶ್ ಸಂಗ್ರಹದ ಮೇಲೆ ತಜ್ಞರಿಗೆ ಸಂಶಯ ಮೂಡಿತು. ಆ ಸಂಗ್ರಹದ ಗೊಡವೆಗೇ ಹೋಗದೆ ಏಳುವಂತೆ ಅವರು ಆದೇಶ ಕಳುಹಿಸಿದರು. ಯಂತ್ರ ಎದ್ದಿತು, ಎದ್ದು ನಿಂತಿತು. ಬಾಹ್ಯಾಕಾಶದ ಯಾನಕಾಲದಿಂದಲೂ ಕೂಡುತ್ತ ಬಂದಿದ್ದ ಕಡತಗಳ ಸಂಖ್ಯೆ ಅತಿಯಾಗಿ, ಅವುಗಳ ಪಟ್ಟಿಯನ್ನು ಇರಿಸಿಕೊಳ್ಳಲು ಸ್ಮೃತಿಯಲ್ಲಿ ಸ್ಥಳ ಸಾಲದೆ ಹೋದುದೇ ಕುಸಿತದ ಕಾರಣವೆಂದು ತಿಳಿದುಬಂತು.

ಆಗಲೂ ಅವರು ಒಡನೆಯೇ ಸಂಗ್ರಹವನ್ನು ಒರೆಸಿಹಾಕಲಿಲ್ಲ. ಮೊದಲ ವಾರಗಳಿಂದ ಅಲ್ಲಿ ಉಳಿದಿದ್ದ ಮುಖ್ಯ ಮಾಹಿತಿಯನ್ನು ಭೂಮಿಗೆ ತರಿಸಿಕೊಂಡು, ಆಮೇಲೆ ಫೆಬ್ರುವರಿಯ ಮೊದಲ ವಾರದಲ್ಲಿ ಅದನ್ನು ಅಳಿಸಿ ಹೊಸದಾಗಿ ಅಣಿಗೊಳಿಸಿದರು. ತೊಂಬತ್ತು ಮಂಗಳದಿನಗಳ ಕೆಲಸಕ್ಕೆಂದು ಹೋಗಿದ್ದ ಸ್ಪಿರಿಟ್ 2010ರ ಮಾರ್ಚ್ 22ರವರೆಗೂ ಭೂಮಿಗೆ ಸಂದೇಶಗಳನ್ನು ಕಳುಹಿಸುತ್ತಿತ್ತು.