ಹಳೆ ಕುರ್ಚಿಗೆ ಹೊಸ ಮೆತ್ತೆ

ನಿಮ್ಮ ಮನೆಯ ಮೂಲೆಯಲ್ಲಿ ಹಳೆ ಮರದ ಕುರ್ಚಿ ಇದೆಯೇ? ಸೀಟು ಕುಸಿದಿದೆಯೇ? ಬಟ್ಟೆ ಹರಿದು ನಾರು ಹೊರಗೆ ಇಣುಕುತ್ತಿದೆಯೇ?

"ಒಲೆಗೆ ಹಾಕು" ಅಂತಾರೆ ಒಬ್ಬರು. "ಹಳೆ ಸಾಮಾನಿನವನಿಗೆ ಕೊಡು" ಅಂತಾರೆ ಇನ್ನೊಬ್ಬರು.

ತಾಳಿ ಅಕ್ಕಾ. ಮೊದಲು ಮರವನ್ನು ನೋಡಿ. ತೇಗವೋ, ಹೊನ್ನೆಯೋ, ಬೀಟೆಯೋ ಇರಬಹುದು. ಅಂಥ ಮರ ಬೇಗ ಕೆಡೋದಿಲ್ಲ. ಕೆಟ್ಟಿರೋದು ಮೆತ್ತೆ ಮಾತ್ರ. ಕೌದಿ ಹೊಲಿಯೋ ಕೈಗೆ ಮೆತ್ತೆ ಹಾಕೋದು ಕಷ್ಟವೇ?

ಏನೇನು ಬೇಕು?

3 ಅಂಗುಲ ಅಗಲದ ನವಾರ, ಗೋಣಿಚೀಲ, ತೆಂಗಿನ ನಾರು, ಹತ್ತಿ, ಹಳೆ ನೂಲಿನ ಸೀರೆ, ಮೇಲೆ ಹೊದಿಸಲು ದಪ್ಪ ಬಟ್ಟೆ. ಅಗಲ ತಲೆಯ ಅರ್ಧ ಅಂಗುಲದ ಮೊಳೆ. ಸುತ್ತಿಗೆ, ಕತ್ತರಿ, ಅಳತೆ ಟೇಪು.

ಮೊದಲು ಬಿಚ್ಚಿ

ಅಂಗಳದಲ್ಲಿ ಬಿಚ್ಚಿ. ಧೂಳು ಬಹಳ ಬರುತ್ತೆ. ಮೂಗಿಗೆ ಸೆರಗು ಕಟ್ಟಿಕೊಳ್ಳಿ. ಕಿತ್ತ ಮೊಳೆಗಳನ್ನು ಡಬ್ಬಿಗೆ ಹಾಕಿ. ಮಕ್ಕಳ ಕಾಲಿಗೆ ಚುಚ್ಚೀತು. ಹಳೆ ಬಟ್ಟೆ ಎಸೆಯಬೇಡಿ. ಹೊಸ ಬಟ್ಟೆ ಕತ್ತರಿಸಲು ಅದೇ ಮಾದರಿ.

ತಿಗಣೆ ಇದ್ದರೆ ಹಳೆ ನಾರನ್ನು ಸುಟ್ಟುಬಿಡಿ. ಮರದ ಸಂದುಗಳಿಗೆ ಕುದಿಯುವ ನೀರು ಹುಯ್ಯಿರಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಕಾಲು ಅಲುಗಾಡುತ್ತಿದ್ದರೆ ಮರದ ಅಂಟು ಹಾಕಿ, ಹಗ್ಗದಿಂದ ಬಿಗಿದು, ಒಂದು ದಿನ ಬಿಡಿ.

ಅಳೆದು ಬರೆದುಕೊಳ್ಳಿ

ಸೀಟು 18 ಅಂಗುಲ ಉದ್ದ, 18 ಅಂಗುಲ ಅಗಲ ಇದೆ ಅನ್ನೋಣ. ಎರಡು ತುದಿ ಮಡಚಲು 4 ಅಂಗುಲ ಸೇರಿಸಿ. ಒಂದು ಪಟ್ಟಿಗೆ 22 ಅಂಗುಲ ಆಯಿತು. ಉದ್ದಕ್ಕೆ 5, ಅಡ್ಡಕ್ಕೆ 5, ಒಟ್ಟು 10 ಪಟ್ಟಿ. ಅಂದರೆ 220 ಅಂಗುಲ. 6 ಮೀಟರ್ ನವಾರ ತಂದರೆ ಸಾಕು. ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಆಗ ಹೆಚ್ಚು ಕೊಂಡು ದುಡ್ಡು ಹಾಳು ಮಾಡೋದು ತಪ್ಪುತ್ತೆ.

ನವಾರ ಬಿಗಿಯಿರಿ

ಉದ್ದದ ಪಟ್ಟಿಗಳನ್ನು ಮೊದಲು ಹೊಡೆಯಿರಿ. ಅಡ್ಡ ಪಟ್ಟಿಗಳನ್ನು ಚಾಪೆ ನೇಯ್ದ ಹಾಗೆ, ಒಂದರ ಮೇಲೆ, ಒಂದರ ಕೆಳಗೆ ತೂರಿಸಿ. ತುದಿ ಮಡಚಿ ಮೊಳೆ ಹೊಡೆಯಿರಿ. ಮೊಳೆಗಳು ಒಂದೇ ಸಾಲಿನಲ್ಲಿ ಬೇಡ. ಮರ ಸೀಳುತ್ತೆ. ಹಿಂದೆ ಮುಂದೆ ಹೊಡೆಯಿರಿ. ನವಾರ ಸಡಿಲವಾದರೆ ಸೀಟು ಮತ್ತೆ ಕುಸಿಯುತ್ತೆ. ಒಬ್ಬರು ಎಳೆದು ಹಿಡಿಯಲಿ, ಇನ್ನೊಬ್ಬರು ಹೊಡೆಯಲಿ.

ಮೆತ್ತೆ ಕೂರಿಸಿ

ನವಾರದ ಮೇಲೆ ಗೋಣಿ ಹೊಡೆಯಿರಿ. ಒಣಗಿದ ನಾರನ್ನು ಬಿಡಿಸಿ, 2 ಅಂಗುಲ ದಪ್ಪ ಹರಡಿ. ನಡುವೆ ಸ್ವಲ್ಪ ಎತ್ತರ ಇರಲಿ. ಕೂತಾಗ ಅಲ್ಲೇ ಹೆಚ್ಚು ತಗ್ಗುತ್ತೆ. ನಾರಿನ ಮೇಲೆ ಹತ್ತಿ ಹಾಕಿ. ಹತ್ತಿ ಇಲ್ಲದಿದ್ದರೆ ನಾರು ಚುಚ್ಚುತ್ತೆ. ಅದರ ಮೇಲೆ ಹಳೆ ಸೀರೆ ಬಿಗಿಯಿರಿ.

ಕೊನೆಗೆ ದಪ್ಪ ಬಟ್ಟೆ. ನಾಲ್ಕೂ ಬದಿಯ ನಡುವೆ ಮೊದಲು ಒಂದೊಂದು ಮೊಳೆ ಹೊಡೆಯಿರಿ. ಆಮೇಲೆ ಮೂಲೆಯ ಕಡೆ ಹೋಗಿ. ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಸೊಟ್ಟಗಾಗುತ್ತೆ, ಸುಕ್ಕು ಬೀಳುತ್ತೆ. ಮೂಲೆಯಲ್ಲಿ ಸೀರೆಯ ನೆರಿಗೆಯಂತೆ ಮಡಚಿ ಹೊಡೆಯಿರಿ.

ಈಗ ಯಾರು ಕೂರೋದು?

ಮೆತ್ತೆ ಗಟ್ಟಿಯಾಗಿದೆಯೇ, ಮೊಳೆ ಚುಚ್ಚುತ್ತದೆಯೇ ಅಂತ ಪರೀಕ್ಷೆ ಮಾಡಲೇಬೇಕು. ಮೊದಲು ಕೈಯಿಂದ ಒತ್ತಿ ಸವರಿ ನೋಡಿ. ಆಮೇಲೆ ಕೂತು ನೋಡಿ.

ಎಷ್ಟೋ ಮನೆಗಳಲ್ಲಿ ಕುರ್ಚಿ ಗಂಡಸರಿಗೆ, ಬಂದ ನೆಂಟರಿಗೆ. ಹೆಂಗಸರಿಗೆ ನೆಲ. "ನಾನು ಹೇಗೆ ಕೂರಲಿ?" ಅಂತ ನಿಮಗೂ ಅನ್ನಿಸಬಹುದು. ಆದರೆ ಅಳೆದವರು ಯಾರು? ಮೊಳೆ ಹೊಡೆದವರು ಯಾರು? ತಪ್ಪಿದ್ದರೆ ತಿದ್ದಬೇಕಾದವರು ಯಾರು? ನೀವೇ ತಾನೇ?

ಹಾಗಾದರೆ ಮೊದಲು ನೀವೇ ಕೂತುಕೊಳ್ಳಿ. ಬೆನ್ನು ಒರಗಿಸಿ, ಆರಾಮಾಗಿ. ಆಮೇಲೆ ಉಳಿದವರನ್ನು ಕರೆಯಿರಿ.